ಊರಿಗೆ ಊರು ಅದಲುಬದಲು

ಬೆಂಗಳೂರು ಬಿಡುವ ಮಾತು ನಮ್ಮ ಮನೆಯಲ್ಲಿ ಮೊದಲು ಎದ್ದದ್ದು ನಾನು ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದಾಗ. ನನ್ನ ಹೆಂಡತಿ ಸರ್ಕಾರಿ ಶಾಲೆಯ ಮೇಡಂ. ನಾನು ಮುಂದಿನ ಕೋಣೆಯಲ್ಲೇ ಮಿಷನ್ನು ಹಾಕಿಕೊಂಡು ಬಟ್ಟೆ ಹೊಲಿಯುವವನು. ಅವಳಿಗೆ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಹಾಗಾಗಿ ಅಡುಗೆ, ನೀರು, ತರಕಾರಿ ಚೌಕಾಸಿ ಎಲ್ಲ ಮೊದಲಿನಿಂದಲೂ ನನ್ನ ಪಾಲಿಗೆ. ಆ ಸಂಜೆ ಅವಳು ಚಪ್ಪಲಿ ಬಿಚ್ಚಿ ಹೊಸ್ತಿಲ ಹತ್ತಿರವೇ ಕೂತುಬಿಟ್ಟಳು. ನಿಂತು ನಿಂತು ಪಾದ ಊದಿಕೊಂಡು ಚಪ್ಪಲಿ ಪಟ್ಟಿಯ ಅಚ್ಚು ಬಿದ್ದಿತ್ತು.

"ರೀ, ಮಧುಗಿರಿ ತಾಲ್ಲೂಕಿನ ಒಬ್ಬ ಮೇಡಂಗೆ ಬೆಂಗಳೂರು ಬೇಕಂತೆ. ಇಬ್ರೂ ಒಪ್ಪಿದ್ರೆ ಅವರ ಜಾಗಕ್ಕೆ ನಾನು, ನನ್ನ ಜಾಗಕ್ಕೆ ಅವರು ಹೋಗಬಹುದು" ಅಂದಳು.

"ಬೆಂಗಳೂರು ಬೇಕು ಅನ್ನೋರು ಇನ್ನೂ ಇದಾರಾ?"

"ಇದಾಳಲ್ಲ ಪುಣ್ಯಾತ್ಗಿತ್ತಿ. ಅವಳ ಮನಸ್ಸು ಬದಲಾಗೋಕೆ ಮುಂಚೆ ಹೋಗಿ ನೋಡ್ಕೊಂಡು ಬರೋಣ. ರಿಟೈರ್ ಆಗೋವರೆಗೂ ಹಿಂಗೆ ನಿಂತ್ಕೊಂಡು ಓಡಾಡೋದು ನನ್ನ ಕೈಲಾಗಲ್ಲ ಕಣ್ರೀ."

ಅವಳ ಪಾದ ನೋಡಿ ನಾನು ಹೂಂ ಅಂದೆ. ಆದರೆ ಒಳಗೆ ಏನೋ ಎಳೆಯುತ್ತಿತ್ತು. ನಮ್ಮ ಬೀದಿಯನ್ನು ಒಬ್ಬರು ಪೈಪಿಗೆ ಅಂತ ಅಗೆದು ಮುಚ್ಚುತ್ತಿದ್ದರು, ಮುಚ್ಚಿದ ಮಣ್ಣು ಕೂರುವುದರೊಳಗೆ ಇನ್ನೊಬ್ಬರು ಕೇಬಲ್ಲಿಗೆ ಅಂತ ಅಗೆಯುತ್ತಿದ್ದರು. ಬಾಡಿಗೆ ಪ್ರತಿ ಯುಗಾದಿಗೂ ಮೇಲೇರುತ್ತಿತ್ತು. ನಲ್ಲಿ ಇತ್ತು, ಅದರಲ್ಲಿ ಗಾಳಿ ಬರುತ್ತಿತ್ತು. ಕೇಳಲು ಹೋದರೆ ಈ ಆಫೀಸಿನವರು ಆ ಆಫೀಸಿನ ಕಡೆ ಕೈ ತೋರಿಸುತ್ತಿದ್ದರು. ಆದರೂ ಆ ಬೀದಿಯ ಗಂಡಸರಲ್ಲಿ ಯಾರ ಹೊಟ್ಟೆ ಯಾವ ವರ್ಷ ಮುಂದೆ ಬಂತು, ಯಾವ ಹುಡುಗಿ ಬಸುರಿಯಾಗಿ ರವಿಕೆಯ ಹೊಲಿಗೆ ಬಿಡಿಸಲು ಬಂದಳು ಅನ್ನುವುದೆಲ್ಲ ನನ್ನ ಟೇಪಿಗೆ ಗೊತ್ತಿತ್ತು. ಊರಿನ ಮೇಲೆ ನನಗೆ ಕೋಪವಿತ್ತು, ಬೀದಿಯ ಮೇಲೆ ಇರಲಿಲ್ಲ. ಎರಡನ್ನೂ ಬಿಡಿಸಿ ಬೇರೆ ಮಾಡುವುದು ಹೇಗೆ ಅಂತ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಬಸ್ಸು ಹತ್ತಿದೆವು. ಕೊರಟಗೆರೆ ದಾಟಿದ ಮೇಲೆ ಬಸ್ಸಿನ ತೂಗಾಟವೇ ಬೇರೆಯಾಯಿತು. ಗುಡ್ಡಗಳು ಒಂದರ ಬೆನ್ನಿಗೆ ಒಂದು ನಿಂತು ಬೆಳಗಿನ ಮಬ್ಬಿನಲ್ಲಿ ತೇಲುತ್ತಿದ್ದವು. ಯಾವುದು ಹತ್ತಿರದ್ದು, ಯಾವುದು ದೂರದ್ದು ಹೇಳಲಾಗುತ್ತಿರಲಿಲ್ಲ. ಮಧುಗಿರಿಯಲ್ಲಿ ಬಂಡೆ ಕಿಟಕಿಯ ತುಂಬ ಬಂದು ನಿಂತಿತು. ಬಸ್ಸು ತಿರುಗಿದರೂ ಬಿಡದೆ ಆಚೆ ಕಿಟಕಿಗೆ ಬಂತು. ಅರೆನಿದ್ದೆಯಲ್ಲಿ ಅದು ಯಾರೋ ಒಗೆದು ಆಕಾಶಕ್ಕೆ ಒಣಹಾಕಿದ ಬೂದು ಬಟ್ಟೆಯ ಹಾಗೆ ಕಂಡು, ಇದಕ್ಕೆ ಎಷ್ಟು ಮೀಟರು ಹಿಡಿದಿರಬಹುದು, ಅಂಚು ಎಲ್ಲಿಂದ ಮಡಚಬೇಕು ಅಂತ ಯೋಚಿಸುತ್ತಿದ್ದೆ.

"ನಿದ್ದೆ ಮಾಡಿದ್ರಾ? ಇಲ್ಲಿ ಕೇಳಿ" ಅಂತ ಹೆಂಡತಿ ತೋಳು ತಿವಿದಳು. "ಅಲ್ಲಿ ಹೋಗಿ ನೀರಿನ ವಿಷಯ ಬಾಯಿ ಬಿಡಬೇಡಿ. ನಿಮ್ಮದು ಮೊದಲೇ ಕೊರೆಯೋ ಬಾಯಿ. ಕೇಳಿದ್ರೆ ಮಾತ್ರ ಹೇಳಿ. ಕೇಳಿದ್ರೂ ಸ್ವಲ್ಪ ಹೇಳಿ."

ಮಧುಗಿರಿಯಿಂದ ಹಿಂದೂಪುರದ ಬಸ್ಸು. ಕೊಡಿಗೇನಹಳ್ಳಿಗೆ ಎರಡು ಅಂದಾಗ ಕಂಡಕ್ಟರು ನಮ್ಮ ಇಸ್ತ್ರಿ ಬಟ್ಟೆ ನೋಡಿ, "ಹೆಣ್ಣು ನೋಡಕಾ ಸಾರ್?" ಅಂದ. "ಇಲ್ಲಪ್ಪ, ಊರು ನೋಡಕ್ಕೆ" ಅಂದಳು ಇವಳು. "ಊರೇನ್ ಓಡೋಗಲ್ಲ ಬುಡಿ, ನಿಧಾನಕ್ಕೆ ನೋಡಿ" ಅಂತ ಚಿಲ್ಲರೆ ಕೊಟ್ಟ.

ಆ ಮೇಡಂ ಇದ್ದದ್ದು ಅಂಗಡಿಬೀದಿ ಮುಗಿದ ಮೇಲೆ ಸಿಗುವ ಒಂದು ಹೆಂಚಿನ ಮನೆಯಲ್ಲಿ. ಇವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಮಾತು ಚುರುಕು. ಗಂಡ ಬೆಂಗಳೂರಿನಲ್ಲಿ ಲಿಫ್ಟ್ ರಿಪೇರಿ ಕೆಲಸದವರು. ನಾಲ್ಕು ಜನ ಸೇರಿ ಒಂದು ರೂಮು ಮಾಡಿಕೊಂಡು, ಶನಿವಾರ ರಾತ್ರಿ ಊರಿಗೆ ಬಂದು, ಸೋಮವಾರ ಕತ್ತಲೆ ಇರುವಾಗಲೇ ವಾಪಸು ಬಸ್ಸು ಹತ್ತುವವರು. ಮದುವೆಯಾದಾಗಿನಿಂದ ಅವರ ಸಂಸಾರ ಭಾನುವಾರದ್ದೇ. ಅದಕ್ಕೇ ಅವಳಿಗೆ ಬೆಂಗಳೂರು ಬೇಕಾಗಿತ್ತು.

ಊಟಕ್ಕೆ ಕೂತೆವು. ಮುದ್ದೆ, ಬೇಳೆ ಸಾರು, ಕಡ್ಲೆಕಾಯಿ ಚಟ್ನಿ. ಇಬ್ಬರು ಹೆಂಗಸರೂ ತಮ್ಮ ತಮ್ಮ ಊರನ್ನು ಹೊಗಳುವುದಕ್ಕೆ ಶುರು ಮಾಡಿದರು.

"ಇಲ್ಲಿ ಗಾಳಿ ನೋಡಿ ಅಕ್ಕ, ಫ್ಯಾನೇ ಬ್ಯಾಡ."

"ನಮ್ಮಲ್ಲಿ ಬಸ್ಸು ನೋಡು, ಒಂದು ಹೋದ್ರೆ ಇನ್ನೊಂದು." ಅದರಲ್ಲಿ ಕಾಲಿಡುವುದು ಹೇಗೆ ಅಂತ ಇವಳು ಹೇಳಲಿಲ್ಲ.

ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ತೊಟ್ಟಿಯ ನೀರಿಗೆ ಸೋಪು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಚೊಂಬಿನ ಒಳಗೆಲ್ಲ ಬಿಳಿ ಪೊರೆ. ನನಗೆ ಅರ್ಥವಾಯಿತು, ಯಾಕೆಂದರೆ ನಮ್ಮ ಟ್ಯಾಂಕರಿನ ನೀರೂ ಇದೇ ಜಾತಿಯದು. ಈ ನೀರಿಗೆ ಬೇಳೆ ಬೇಯುವುದಿಲ್ಲ. ಒಳಗೆ ಉಂಡ ಸಾರಿನ ಬೇಳೆ ಬೆಣ್ಣೆಯ ಹಾಗೆ ಕರಗಿತ್ತು ಅಂದರೆ, ನಮ್ಮ ಸಲುವಾಗಿ ಫಿಲ್ಟರ್ ಘಟಕದಲ್ಲಿ ಕಾಯಿನ್ನು ಹಾಕಿ ಕ್ಯಾನಿನಲ್ಲಿ ನೀರು ತಂದಿದ್ದಾರೆ.

ಟವೆಲ್ ಹಿಡಿದು ನಿಂತಿದ್ದ ಆಕೆಯ ಗಂಡ ನನ್ನ ಮುಖ ನೋಡಿದರು. "ಅಣ್ಣ, ಇಲ್ಲಿನ ನೀರಿನ ವಿಷಯ ಅಕ್ಕಂಗೆ ಹೇಳಬ್ಯಾಡಿ" ಅಂದರು ಮೆಲ್ಲಗೆ.

"ಇಲ್ಲಪ್ಪ. ಅಲ್ಲಿನ ನೀರಿನ ವಿಷಯ ನೀವು ಮೇಡಂಗೆ ಹೇಳಿದೀರಾ?"

"ಎಲ್ಲಾದ್ರೂ ಉಂಟಾ? ಹೇಳಿದ್ರೆ ಬತ್ತಾಳಾ ಅವಳು?"

ಇಬ್ಬರೂ ಕಳ್ಳರ ಹಾಗೆ ಕೈ ಒರೆಸಿಕೊಂಡು ಒಳಗೆ ಬಂದೆವು.

ಹೊರಡುವ ಹೊತ್ತಿಗೆ ಆ ಮೇಡಂ ಹುಡುಗಿ ಇವಳನ್ನು ಮಣೆಯ ಮೇಲೆ ಕೂರಿಸಿದಳು. ಅರಿಶಿನ ಕುಂಕುಮ ಕೊಟ್ಟು, ಸೆರಗು ಒಡ್ಡಿಸಿ, ರವಿಕೆ ಕಣ, ಎಲೆ ಅಡಿಕೆ, ಕಾಯಿ ಇಟ್ಟು, ಮಡಿಲಿಗೆ ಅಕ್ಕಿ ಹಾಕಲು ಬೊಗಸೆ ತುಂಬಿದಳು. ತವರಿಂದ ಮಗಳನ್ನು ಕಳಿಸುವಂತೆ. ನನ್ನ ಹೆಂಡತಿಯ ಮುಖ ಏನೋ ಆಯಿತು. ಒಡ್ಡಿದ ಸೆರಗನ್ನು ಅರ್ಧ ಹಿಂದಕ್ಕೆ ಎಳೆದುಕೊಂಡಳು.

"ತಡಿಯಮ್ಮ. ಇದನ್ನ ಹಾಕಿಸ್ಕೊಂಡು ಮನಸ್ಸಲ್ಲಿ ಒಂದು ಇಟ್ಕೊಂಡು ಹೋಗಕ್ಕೆ ನನ್ನ ಕೈಲಾಗಲ್ಲ. ನಮ್ಮಲ್ಲಿ ನೀರಿಲ್ಲ. ಟ್ಯಾಂಕರ್ ಯಾವಾಗ ಬರುತ್ತೋ ಆವಾಗ ಎದ್ದು ಹಿಡೀಬೇಕು. ಬಸ್ಸಲ್ಲಿ ಸೀಟು ಸಿಗಲ್ಲ. ಬೀದಿ ಅಗೆದು ಹಾಕಿದಾರೆ. ಮಳೆ ಬಂದ್ರೆ ಹೊಸ್ತಿಲ ತನಕ ಚರಂಡಿ ನೀರು."

"ನೀರಿಲ್ಲ ಅಂದ್ರಲ್ಲ ಅಕ್ಕ?"

"ಬೇಕಾದ್ದು ಬರಲ್ಲ, ಬೇಡದ್ದು ಬರುತ್ತೆ."

ಮುಗಿಯಿತು ಅಂದುಕೊಂಡೆ. ಇನ್ನು ಇವಳಿಗೆ ಅದೇ ಎರಡು ಬಸ್ಸು, ಅದೇ ನಿಲ್ಲುವುದು. ನಾಚಿಕೆ ಬಿಟ್ಟು ಹೇಳುವುದಾದರೆ, ನನ್ನೊಳಗೆ ಒಂದು ಮೂಲೆಯಲ್ಲಿ ಸಮಾಧಾನವೂ ಆಯಿತು.

ಆ ಹುಡುಗಿ ಅಕ್ಕಿಯ ಬೊಗಸೆ ಹಿಡಿದೇ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಇದು?" ಅವರು ನನ್ನನ್ನು ನೋಡಿದರು. "ಅಣ್ಣನ ಮುಖ ಯಾಕ್ ನೋಡ್ತೀರಾ, ಅಲ್ಲೇನ್ ಬರ್ದೈತಾ?" ಅಂದು ಇವಳ ಎದುರು ಕುಕ್ಕರುಗಾಲಲ್ಲಿ ಕೂತಳು. "ನಮ್ಮ ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಕ್ಕ. ಸ್ಕೂಲು ಐ.ಡಿ.ಹಳ್ಳಿ ಕಡೆ, ಬೆಳಗಿನ ಬಸ್ಸು ತಪ್ಪಿದ್ರೆ ಆಟೊ ಕಾಯ್ಬೇಕು. ಬೇಸಗೇಲಿ ಈ ಹೆಂಚಿನ ಕೆಳಗೆ ರೊಟ್ಟಿ ಸುಟ್ಟಂಗೆ ಸುಟ್ಟೋಗ್ತೀವಿ."

ಹೊರಗೆ ಬೇವಿನ ಮರ ಗಾಳಿಗೆ ಒಮ್ಮೆ ಪೂರ್ತಿ ಬಾಗಿ, ಏನೂ ಆಗದ ಹಾಗೆ ಎದ್ದು ನಿಂತಿತು.

"ಅಲ್ಲಿ ನೀರು ಬರದಿದ್ರೆ ಬುಡಿ ಅಕ್ಕ" ಅಂದಳು ಕೊನೆಗೆ. "ಇವರು ಬತ್ತಾರಲ್ಲ, ದಿನಾ ಮನೆಗೆ."

"ಬೇಳೆ ಬೇಯದಿದ್ರೆ ಬಿಡು" ಅಂದಳು ನನ್ನ ಹೆಂಡತಿ. "ಬೇಯಿಸೋರು ಇವರು ತಾನೆ."

ಬೊಗಸೆಯ ಅಕ್ಕಿ ಮಡಿಲಿಗೆ ಬಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ಹೊತ್ತಿನಲ್ಲಿ ಬೇಡ ಅನ್ನುತ್ತಿರಲಿಲ್ಲ.

ಬೇಸಿಗೆ ರಜದಲ್ಲಿ ಆದೇಶ ಬಂತು. ಮನೆಗಳನ್ನೂ ಅದಲುಬದಲು ಮಾಡಿಕೊಂಡೆವು, ಅವರ ಬಾಡಿಗೆ ಮನೆಗೆ ನಾವು, ನಮ್ಮದಕ್ಕೆ ಅವರು. ಲಾರಿಯೂ ಒಂದೇ. ನಮ್ಮ ಸಾಮಾನು ಇಳಿಸಿ ಅವರದು ತುಂಬಿಕೊಂಡು ಹೋಗುವುದು. ಆ ಮಧ್ಯಾಹ್ನ ಅಂಗಳದಲ್ಲಿ ಎರಡು ಸಂಸಾರಗಳೂ ಬಿಸಿಲಿಗೆ ಹರಡಿಕೊಂಡಿದ್ದವು. ನಮ್ಮ ಮಂಚ ಅವರ ಮಂಚದ ಪಕ್ಕ, ಅವರ ಬೀರುವಿನ ಕನ್ನಡಿಯಲ್ಲಿ ನಮ್ಮ ಹಾಸಿಗೆ, ಅದರ ಹಿಂದೆ ಬರಿಯ ಆಕಾಶ. ಸ್ವಲ್ಪ ಹೊತ್ತು ಯಾವ ಪಾತ್ರೆ ಯಾರದು ಅಂತ ತಿಳಿಯಲಿಲ್ಲ. ಯಾರು ಹೋಗುವವರು, ಯಾರು ಬಂದವರು ಅಂತಲೂ ಮರೆತಂತಾಯಿತು.

ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಬಗ್ಗಿದರು. "ಏಮ್ಮಾ, ಬೆಂಗಳೂರು ಬುಟ್ಟು ಇಲ್ಲಿಗಾ? ಏನ್ ತಪ್ಪು ಮಾಡಿದ್ರಿ ಅಂತ ಈ ಕಡೀಕೆ ಆಕವ್ರೆ?"

"ನಾವೇ ಕೇಳ್ಕೊಂಡು ಬಂದ್ವಿ ಅಜ್ಜಿ."

"ಅಂಗಾರೆ ತಪ್ಪಲ್ಲ, ತಲೆ ಕೆಟ್ಟೈತೆ ಕಣಮ್ಮ" ಅಂದು, ಒಂದು ಚೊಂಬು ಮಜ್ಜಿಗೆ ದಾಟಿಸಿದರು.

ಲಾರಿ ಹೊರಟಾಗ ಆ ಹುಡುಗಿ ಡ್ರೈವರ್ ಪಕ್ಕದಿಂದ ಕೂಗಿದಳು: "ಅಣ್ಣಾ, ಅಲ್ಲಿ ಅಡುಗೆಮನೆ ಕಿಟಕಿ ಹೆಂಗೆ ತೆಗೆಯೋದು? ಮನೆ ನೋಡಕ್ಕೆ ಬಂದಾಗ ಜಗ್ಗಲಿಲ್ಲ."

"ಸ್ವಲ್ಪ ಮೇಲಕ್ಕೆ ಎತ್ತಿ ಎಳೀಬೇಕಮ್ಮ" ಅಂತ ಕೈಯಲ್ಲೇ ಮಾಡಿ ತೋರಿಸಿದೆ. ಲಾರಿ ತಿರುವು ದಾಟಿದ ಮೇಲೂ ನನ್ನ ಕೈ ಗಾಳಿಯಲ್ಲಿ ಹಾಗೇ ಇತ್ತು.

ಈಗ ಹಳೇ ಬೀದಿಯವರು ಫೋನು ಮಾಡಿ, ನಾವೂ ಬಿಟ್ಟುಬಿಡೋಣವಾ, ಹೇಳಿ ಅಂತಾರೆ. ಏನು ಹೇಳಲಿ? ಬೇಳೆಗೆ ನೀರು ತರಲು ನಾನು ದಿನಾ ಕ್ಯಾನು ಹಿಡಿದು ಹೋಗುತ್ತೇನೆ. ಹೊಲಿಯಲು ಬರುವವರು ಇನ್ನೂ ಕಡಿಮೆ. ಕೆಲವು ಬೆಳಗ್ಗೆ ಎಚ್ಚರವಾದಾಗ ಗೋಡೆ ಯಾವ ಕಡೆ, ಬಾಗಿಲು ಯಾವ ಕಡೆ ಅಂತ ಹೊಳೆಯದೆ ಹಾಗೇ ಮಲಗಿರುತ್ತೇನೆ.

ಶಾಲೆ ಶುರುವಾದ ದಿನ ಬಸ್ಸಿಗೆ ಬಿಡಲು ಹೋಗಿದ್ದೆ. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಕೂತದ್ದನ್ನು ನನಗೆ ತೋರಿಸುವಂತೆ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ನಕ್ಕಳು. ಬಸ್ಸು ಕಡ್ಲೆಕಾಯಿ ಹೊಲಗಳ ನಡುವೆ ಚಿಕ್ಕದಾಗುತ್ತ, ಮಬ್ಬಿನಲ್ಲಿ ಕರಗುತ್ತ ಹೋಯಿತು. ಅದೇ ಹೊತ್ತಿಗೆ ಅಲ್ಲಿ ಆ ಹುಡುಗಿ, ಇವಳು ಹಿಡಿಯುತ್ತಿದ್ದ ಕಂಬಿಯನ್ನೇ ಹಿಡಿದು, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಸಂಜೆಗೆ ಮನೆಗೆ ಬರುವವರಿಗೆ ಏನು ಸಾರು ಮಾಡಲಿ ಅಂತ ಯೋಚಿಸುತ್ತ ನಿಂತಿರಬೇಕು.