ಟಾಪಿನ ಉಬ್ಬುಗಳು

ಹಿರಿಯೂರಿನ ಹೆದ್ದಾರಿ ಪಕ್ಕ ಶೆಡ್ ಹಾಕಿಕೊಂಡಿರುವ ಟಿಂಕರ್ ಬೀರೇಶನಿಗೆ ಕಣ್ಣಿಗಿಂತ ಅಂಗೈ ಮೇಲೆ ನಂಬಿಕೆ. ತಗಡು ಎಲ್ಲಿ ತಗ್ಗಿದೆ, ಎಲ್ಲಿ ಉಬ್ಬಿದೆ ಎಂದು ಸವರಿಯೇ ಹೇಳುತ್ತಾನೆ. ಅವನ ಸುತ್ತಿಗೆ ನಿಂತರೂ ಬಾಯಿ ನಿಲ್ಲುವುದಿಲ್ಲ. ಅಂಥವನು ಒಂದು ಕಾರಿನ ಮುಂದೆ ತುಟಿ ಪಿಟಕ್ಕೆನ್ನದೆ ನಿಂತುಬಿಟ್ಟ.

ಕಾರು ತಾತನ ಕಾಲದ್ದು. ಹೊಸದುರ್ಗದ ಕಡೆಯ ತೆಂಗಿನ ತೋಟದಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತಿದ್ದನ್ನು ಮೋಹನ್‌ಕುಮಾರ್ ಎಂಬ ಶೋಕಿಲಾಲ ಕೊಂಡು ತಂದಿದ್ದ. ಅದನ್ನು ಹಾಟ್ ರಾಡ್ ಮಾಡಬೇಕಂತೆ. ಮಡ್‌ಗಾರ್ಡ್ ಬಿಚ್ಚಬೇಕು, ಇಂಜಿನ್ ಹೊರಗೆ ಕಾಣಬೇಕು, ಟಾಪ್ ಕೊಯ್ದು ನಾಲ್ಕು ಬೆರಳು ತಗ್ಗಿಸಿ ಮತ್ತೆ ಬೆಸೆಯಬೇಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ!

ಕೊಯ್ಯುವ ಮುನ್ನ ಟಾಪನ್ನು ಸವರಿದ ಬೀರೇಶನ ಕೈ ತಡೆಯಿತು. ತೆಂಗಿನಕಾಯಿ ಬಿದ್ದಿದ್ದರೆ ತಗ್ಗಾಗಬೇಕು. ಇಲ್ಲಿ ತಗಡು ಮೇಲಕ್ಕೆ ಉಬ್ಬಿತ್ತು. ಒಳಗಿನ ಕೊಳೆತ ಬಟ್ಟೆ ಕಿತ್ತರೆ, ಡ್ರೈವರ್ ಸೀಟಿನ ಮೇಲ್ಗಡೆ ಒಂದರ ಪಕ್ಕ ಒಂದು ಗುಳಿ. ತನ್ನ ಮುಷ್ಟಿ ಇಟ್ಟು ನೋಡಿದ; ಸರಿಯಾಗಿ ಕೂತಿತು. ಒಳಗೆ ಸಿಕ್ಕಿಕೊಂಡವನು ಹೊರಬರಲು ಗುದ್ದಿದ ಗುರುತು. ಬಡಿದು ಮಟ್ಟ ಮಾಡಿ ಮನೆಗೆ ಹೋದ. ಬೆಳಗ್ಗೆ ಬಂದಾಗ ಉಬ್ಬುಗಳು ಮತ್ತೆ ಎದ್ದಿದ್ದವು. ಹಳೇ ತಗಡು ಹಾಗೆ ತಿರುಗಿ ನೆಗೆಯುವುದುಂಟು ಎಂದುಕೊಂಡರೂ ಕೊಯ್ಯಲು ಮನಸ್ಸು ಬರಲಿಲ್ಲ.

ಕಾರಿನ ಕಥೆ ಅವನಿಗೆ ಗೊತ್ತಿತ್ತು. ಅದರ ಯಜಮಾನ ಚಿತ್ರಲಿಂಗಪ್ಪ ಕಾರಿನ ಸಮೇತ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿಗೆ ಬಿದ್ದು ಸತ್ತಿದ್ದ. ಹೆಣ ದಡದಲ್ಲಿ ಸಿಕ್ಕಿದ್ದರಿಂದ, ಬಿದ್ದೊಡನೆ ಹೊರಗೆ ಸಿಡಿದು ನರಳದೆ ಹೋದ ಎಂದು ಎಲ್ಲರೂ ನಂಬಿದ್ದರು. ಅವರ ಮನೆತನದಲ್ಲಿ ಹೊರಗೆ ಸತ್ತವರನ್ನು ಜೀವ ಹೋದ ಜಾಗದಲ್ಲೇ ಹೆಸರು ಹಿಡಿದು ಕೂಗಿ ಮನೆಗೆ ಕರೆಯಬೇಕು. ಸತ್ತವನ ತಮ್ಮ ಮಾರಣ್ಣ ದಡದಲ್ಲಿ ನಿಂತು ಕರೆದಿದ್ದ. ಆದರೆ ಜೀವ ಹೋದದ್ದು ಕಾರಿನೊಳಗೆ, ಹೆಣ ಆಮೇಲೆ ದಡಕ್ಕೆ ತೇಲಿತ್ತು; ಕರೆದ ಜಾಗವೇ ತಪ್ಪಿತ್ತು.

ಹೇಳಿದರೆ ಚಿತ್ರಲಿಂಗಪ್ಪನ ಹೆಂಡತಿ ಏಕನಾಥಮ್ಮನ ಎದೆ ಒಡೆಯುತ್ತದೆ. ಹೇಳದೆ ಕೊಯ್ದರೆ ಆತ ಒಳಗೇ ಉಳಿಯುತ್ತಾನೆ. ಬೀರೇಶ ಗಟ್ಟಿ ಮನಸ್ಸು ಮಾಡಿ ಫೋನ್ ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಏಕನಾಥಮ್ಮ ಬಂದಳು. ಗುಳಿಗಳಲ್ಲಿ ಬೆರಳಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಮಾರಣ್ಣನೂ ಹೋದ. ಇನ್ನ್ಯಾರು ಕರೀಬೇಕಪ್ಪ? ಗಂಡನ ಹೆಸ್ರು ಈ ಬಾಯಾಗೆ ಒಂದ್ಸಲಾನೂ ಬಂದಿಲ್ಲ."

"ನೀವೇ ಕರೀರಿ ಅಮ್ಮಾ. ಕಾಯ್ತಾ ಅವ್ರೆ," ಎಂದ ಬೀರೇಶ.

ಆಕೆ ತಲೆ ಮೇಲೆ ಸೆರಗು ಹೊದ್ದು, ಕಾರಿನ ಬಾಗಿಲು ತೆರೆದು ಹಿಡಿದಳು.

"ಚಿತ್ರಲಿಂಗಪ್ಪಾ... ಮನೀಗೆ ಬರ್ರಿ."

ಟಾಪು ಟಕ್ಕೆಂದಿತು. ಒಂದಾದ ಮೇಲೊಂದು ಉಬ್ಬು ತಾನಾಗಿಯೇ ಕೂತಿತು. ಹಳೇ ತಗಡು ಎಂದುಕೊಳ್ಳುವ ಧೈರ್ಯ ಈ ಸಲ ಬೀರೇಶನಿಗೆ ಬರಲಿಲ್ಲ.

ಬಸ್ ಹತ್ತಿಸಲು ಅವನೂ ಹೋದ. ಏಕನಾಥಮ್ಮ ಕಿಟಕಿ ಪಕ್ಕದ ಸೀಟು ಬಿಟ್ಟು ಈಚೆ ಕೂತಳು. ಕಂಡಕ್ಟರ್ ಆಧಾರ್ ನೋಡಿ ಹೆಂಗಸರ ಫ್ರೀ ಟಿಕೆಟ್ ಕೊಟ್ಟ. ಆಕೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿದಳು.

"ನಂದು ಫ್ರೀ ಐತೆ. ಇವ್ರಿಗೊಂದು ಹೊಸದುರ್ಗಕ್ಕೆ ಕೊಡ್ರಿ."

ಕಂಡಕ್ಟರ್ ಖಾಲಿ ಸೀಟನ್ನೂ ಆಕೆಯನ್ನೂ ನೋಡಿದ. ಕೆಳಗೆ ನಿಂತಿದ್ದ ಬೀರೇಶ ಕಿಟಕಿಯಿಂದ ಹೇಳಿದ: "ಕೊಡ್ರಿ ಸಾರ್."