ಉಚ್ಚಂಗೆಪ್ಪನವರ ದಪ್ಪ ತಂತಿಗೆ ಹಗೇವು ಓಗೊಡುತ್ತದೆ

ಚಿಗಟೇರಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೊದಲ ಬಸ್ಸು ಬರಲು ಮುಕ್ಕಾಲು ಗಂಟೆ ಇದೆ. ಹಳೆಯ ಓಣಿಯೊಂದರಲ್ಲಿ, ಬಿದ್ದ ಮನೆಯ ಮಣ್ಣು ಎತ್ತಿ ಸಮ ಮಾಡಿದ ಜಾಗದ ನಡುವೆ ಉಚ್ಚಂಗೆಪ್ಪ ಬರಿಗಾಲಲ್ಲಿ ನಿಂತಿದ್ದಾರೆ. ಕೊರಳಲ್ಲಿ ನಾಲ್ಕು ತಂತಿಯ ಬೇಸ್ ಗಿಟಾರ್. ಪಕ್ಕದಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ಜೋಡಿಸಿದ ಮೈಕ್‌ಸೆಟ್ಟಿನ ಆಂಪ್ಲಿಫಯರ್, ನೆಲಕ್ಕೆ ಮುಖ ಮಾಡಿ ಮಲಗಿಸಿದ ಸ್ಪೀಕರ್ ಡಬ್ಬ. ಇಲ್ಲಿ ಎರಡು ಕೋಣೆಯ ಮನೆ ಕಟ್ಟಿಸಲು ಹೊರಟಿರುವ ಶಿವಯೋಗಪ್ಪ ಸುಣ್ಣದ ಪುಡಿಯ ಬುಟ್ಟಿ ಹಿಡಿದು, ಕೆಮ್ಮು ಬಂದರೂ ನುಂಗಿಕೊಂಡು, ಗೋಡೆಗೆ ಒರಗಿದ್ದಾರೆ.

ಉಚ್ಚಂಗೆಪ್ಪ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಮ್ಮೆ ಮೀಟುತ್ತಾರೆ. ಎರಡು ಎಣಿಸಿ ಅಂಗೈ ಒತ್ತಿ ಅದನ್ನು ಸುಮ್ಮನಾಗಿಸುತ್ತಾರೆ. ಕಾಯುತ್ತಾರೆ. ಏನೂ ಇಲ್ಲ. ಡಬ್ಬವನ್ನು ನಾಲ್ಕು ಹೆಜ್ಜೆ ಸರಿಸಿ ಮತ್ತೆ ಮೀಟುತ್ತಾರೆ. ಆರನೆಯ ಸಲ, ಅಡುಗೆಮನೆ ಬರಬೇಕಾದ ಮೂಲೆಯಲ್ಲಿ, ತಂತಿ ಸುಮ್ಮನಾದ ಮೇಲೂ ಸದ್ದು ನಿಲ್ಲುವುದಿಲ್ಲ. ಬಾಯಿ ಮುಚ್ಚಿಕೊಂಡು ಯಾರೋ ಹ್ಞೂಂಗುಟ್ಟಿದ ಹಾಗೆ ಕಾಲ ಕೆಳಗಿನಿಂದ ಎದ್ದು, ಒಂದು ಉಸಿರಿನಷ್ಟು ಹೊತ್ತು ಇದ್ದು, ಇಂಗಿಹೋಗುತ್ತದೆ. ಪಕ್ಕದ ಹಿತ್ತಲಿನ ಕೋಳಿಗಳು ಒಮ್ಮೆಲೇ ಗದ್ದಲ ಎಬ್ಬಿಸುತ್ತವೆ.

"ಸುಣ್ಣ ಹಾಕ್ರಿ," ಅನ್ನುತ್ತಾರೆ ಉಚ್ಚಂಗೆಪ್ಪ. "ಇಲ್ಲೊಂದು ಐತಿ."

ಅಲ್ಲಿ ಇರುವುದು ಹಗೇವು. ಜೋಳ ತುಂಬಿಡಲು ಹಿಂದಿನವರು ನೆಲದಲ್ಲಿ ತೋಡುತ್ತಿದ್ದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಅಗಲ, ಆಳ ಎರಡಾಳು. ಗೋದಾಮುಗಳು ಬಂದ ಮೇಲೆ ಅವಕ್ಕೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರು. ಮನೆಗಳು ಬಿದ್ದವು, ಪಾಲಾದವು, ಕೈ ಬದಲಾದವು. ಎಲ್ಲಿ ಯಾವ ಗುಂಡಿ ಇತ್ತೆಂಬುದನ್ನು ಬಲ್ಲವರೂ ಹೋದರು. ಈಗ ಅದರ ಮೇಲೆ ಪಾಯ ಹಾಕಿದವರ ಗೋಡೆ ಒಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಹಾಗಾಗಿ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ಜನ ಪಾಯ ತೆಗೆಯುವ ಮೊದಲು ಇವರ ಊರು ಕೊಟ್ಟೂರಿಗೆ ಹೇಳಿಕಳಿಸುತ್ತಾರೆ. ಐದು ವರ್ಷದಲ್ಲಿ ಉಚ್ಚಂಗೆಪ್ಪ ಪತ್ತೆ ಮಾಡಿರುವುದು ಮೂವತ್ತೊಂದು ಹಗೇವು. ಬೆಳಗಿನ ಜಾವವೇ ಬರಬೇಕು, ಗಿರಣಿ, ಪಂಪ್‌ಸೆಟ್ಟು ಶುರುವಾದರೆ ಏನೂ ಕೇಳುವುದಿಲ್ಲ. ಪ್ರತಿಯಾಗಿ ಒಂದು ತೆಂಗಿನಕಾಯಿಗಿಂತ ಹೆಚ್ಚು ಮುಟ್ಟುವುದಿಲ್ಲ.

ನಲವತ್ತಮೂರು ವರ್ಷದ ಈ ಮನುಷ್ಯ ಹಗಲಲ್ಲಿ ಕೊಟ್ಟೂರಿನ ಶೇಂಗಾ ಮಿಲ್ಲಿನ ಆಳು. ಎಂಟಕ್ಕೆ ಹೋದರೆ ಐದರವರೆಗೆ ಜರಡಿ ಯಂತ್ರದ ಮುಂದೆ. ಯಾವ ಬೇರಿಂಗು ಇನ್ನೆಷ್ಟು ದಿನಕ್ಕೆ ಕೆಡುತ್ತದೆಂದು ಸದ್ದಿನಲ್ಲೇ ಹೇಳುವವರು. ಅದೇ ಕಿವಿ ಅವರನ್ನು ವಾದ್ಯದ ಹತ್ತಿರ ತಂದಿತು. 1988ರಲ್ಲಿ, ಕೊಟ್ಟೂರಿನ ಗುರುಬಸವರಾಜ ಎಂಬ ಕೀಬೋರ್ಡ್ ವಾದಕರು 'ಚಂದ್ರಕಾಂತಿ ಮೆಲೋಡೀಸ್' ಹೆಸರಿನ ವಾದ್ಯವೃಂದ ಕಟ್ಟಿದ ಹೊಸತರಲ್ಲಿ, ದಾವಣಗೆರೆಯಿಂದ ಬರುತ್ತಿದ್ದ ಬೇಸ್ ವಾದಕ ಗಿಟಾರನ್ನು ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಸಾಮಾನು ಹೊರಲು ಬಂದಿದ್ದ ಉಚ್ಚಂಗೆಪ್ಪ ಅದನ್ನು ಎತ್ತಿಕೊಂಡು, ಕಾಲಲ್ಲಿ ತಾಳದ ಲೆಕ್ಕ ಹಾಕುತ್ತ, ಹಾಡಿನ ಬುಡದ ಸ್ವರವನ್ನು ಹುಡುಕಿ ಹುಡುಕಿ ಹಿಡಿದರು. ಯಾರೂ ಕಲಿಸಲಿಲ್ಲ.

ಮದುವೆ ದಿನಗಳಲ್ಲಿ ತಿಂಗಳಿಗೆ ಹದಿನಾಲ್ಕು ಹದಿನೈದು ರಸಮಂಜರಿ. ನಾಲ್ಕು ಕಿಲೋ ತೂಕದ ವಾದ್ಯ ಹೊತ್ತು ಮೂರು ತಾಸು ನಿಲ್ಲಬೇಕು. ಎಡಗೈಯ ಬೆರಳ ತುದಿಗಳು ಎಷ್ಟು ಗಟ್ಟಿಯಾಗಿವೆ ಅಂದರೆ, ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಾರೆ. ಹೊಸ ತಂತಿ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಅದಕ್ಕೇ ಹಳೆಯ ತಂತಿ ಮಂಕಾದಾಗ ಬಿಚ್ಚಿ ನೀರಿನಲ್ಲಿ ಕುದಿಸುತ್ತಾರೆ. ಜಿಡ್ಡು ಬಿಟ್ಟು ದನಿ ತಿರುಗಿ ಬರುತ್ತದೆ. ಅವರ ಹೆಂಡತಿ ಗೀತಮ್ಮ ಇದಕ್ಕೆಂದೇ ಒಂದು ಬೋಗುಣಿ ಬೇರೆ ಇಟ್ಟಿದ್ದಾರೆ.

"ಕರಪತ್ರದಾಗ ಹಾಡೋರ ಹೆಸರು ಇರ್ತಾವ. ಡೋಲಕ್ಕಿನವನ್ದೂ ಇರ್ತೈತಿ," ಅನ್ನುತ್ತಾರೆ ಉಚ್ಚಂಗೆಪ್ಪ. "ಬೇಸ್ ಅಂದ್ರ ತಿಳೀದು, ನನ್ನ ಬಾಸ್ ಅಂತಾರ್ರಿ ಮಂದಿ. ಪಾರ್ಟಿ ಮಾಲೀಕ ಅಂತ ತಿಳ್ಕಂಡು ಊಟದ ವ್ಯವಸ್ಥಾ ನನ್ನ ಕೇಳ್ತಾರ."

ಹಗೇವಿನ ಕೆಲಸಕ್ಕೆ ಅವರು ತಾವಾಗಿ ಇಳಿದವರಲ್ಲ. 1999ರ ಮೇ ತಿಂಗಳು, ತೆಲಿಗಿಯಲ್ಲಿ ಒಂದು ಮದುವೆ. ಮಧ್ಯಾಹ್ನದ ಊಟ ಮುಗಿದು ಚಪ್ಪರದ ಕೆಳಗೆ ರಸಮಂಜರಿ ಶುರುವಾಗಿತ್ತು. ವೇದಿಕೆ ಅಂದರೆ ನೆಲಕ್ಕೆ ಹಾಸಿದ ಜಮಖಾನೆ. ಎದುರಿಗೆ ಚಿಕ್ಕ ಮಕ್ಕಳು ಕುಣಿಯುತ್ತಿದ್ದರು. ಮೂರನೆಯ ಹಾಡಿನಲ್ಲಿ ಉಚ್ಚಂಗೆಪ್ಪನವರಿಗೆ ಏನೋ ತಪ್ಪಿದಂತೆ ಅನ್ನಿಸಿತು. ದಪ್ಪ ತಂತಿಯನ್ನು ಮೀಟಿ ಕೈ ಒತ್ತಿದರೂ ಸ್ವರ ಉಳಿಯುತ್ತಿತ್ತು. ಆಂಪ್ಲಿಫಯರ್ ಕೆಟ್ಟಿದೆಯೆಂದು ಸದ್ದು ತಗ್ಗಿಸಿದರು. ಆಗಲೂ ಬಂತು. ಕಿವಿಗೆ ಬರುವ ಮೊದಲು ಅದು ಅಂಗಾಲಿಗೆ ಬರುತ್ತಿತ್ತು. ಕೇಬಲ್ಲು ಎಟಕುವಷ್ಟು ದೂರ ಸರಿದು ನೋಡಿದರು. ಮಕ್ಕಳಿದ್ದ ಕಡೆ ಹೋದಷ್ಟೂ ಅದು ಹೆಚ್ಚಾಯಿತು.

ಅವರು ನುಡಿಸುವುದನ್ನು ನಿಲ್ಲಿಸಿಬಿಟ್ಟರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಹಾಡು ಬುಡ ಕಳಚಿದ ಹಾಗೆ ತೂಗಾಡಿ ನಿಂತಿತು. ಗುರುಬಸವರಾಜ ಕೀಬೋರ್ಡಿನ ಹಿಂದಿನಿಂದ ಗುರಾಯಿಸಿದರು. ಮಕ್ಕಳನ್ನು ಈಚೆ ಕರೆಯಿರೆಂದು ಉಚ್ಚಂಗೆಪ್ಪ ಹೇಳಿದ್ದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ, ಊಟಕ್ಕೆ ಬಂದು ಗೋಡೆ ಬದಿಗೆ ಕೂತಿದ್ದ ಪಕ್ಕೀರಮ್ಮ ಎಂಬ ಹೆಂಗಸು ಎದ್ದು ಬಂದರು. ಐವತ್ತರ ಆಸುಪಾಸಿನವರು. ಮಕ್ಕಳ ರಟ್ಟೆ ಹಿಡಿದು ಒಬ್ಬೊಬ್ಬರನ್ನೇ ಆಚೆ ಬಿಟ್ಟರು. ಆಮೇಲೆ ಆ ಜಾಗದಲ್ಲಿ ಬೋರಲು ಮಲಗಿ ನೆಲಕ್ಕೆ ಕಿವಿ ಇಟ್ಟರು.

"ಇನ್ನೊಮ್ಮಿ ಬಾರ್ಸಪ್ಪಾ," ಅಂದರು.

ಉಚ್ಚಂಗೆಪ್ಪ ಮೀಟಿ, ಕೈ ಒತ್ತಿದರು. ಚಪ್ಪರದ ಕೆಳಗೆ ಇನ್ನೂರು ಜನ ಸುಮ್ಮನಿದ್ದರು. ನೆಲ ನರಳಿತು. ಈ ಸಲ ಎಲ್ಲರಿಗೂ ಕೇಳಿಸಿತು.

"ನಮ್ಮಣ್ಣ ಹಿಂಗ ಅಂತಿದ್ದ," ಅಂದರು ಪಕ್ಕೀರಮ್ಮ, ಮಲಗಿದಲ್ಲಿಂದಲೇ. "ನಾ ಹೇಳಿದ್ನಲ್ಲ."

ಅವರು ಹೇಳಿದ್ದು ಮೂವತ್ತೆಂಟು ವರ್ಷದ ಹಿಂದೆ. ಆಗ ಮದುವೆ ನಡೆದ ಆ ಮನೆ ಅವರದಾಗಿತ್ತು, ಅವರಿಗೆ ಹನ್ನೆರಡು ವರ್ಷ. ಅಣ್ಣ ನಾಗಪ್ಪ ಜೋಳ ತೆಗೆಯಲು ಹಗೇವಿಗೆ ಇಳಿದಿದ್ದ. ಬಹಳ ದಿನ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಇಳಿದವನು ಮೇಲೆ ಬರಲಿಲ್ಲ. ಇನ್ನೊಬ್ಬ ಇಳಿದರೆ ಅವನೂ ಸಾಯುತ್ತಾನೆಂದು ಹಿರಿಯರು ಯಾರನ್ನೂ ಬಿಡಲಿಲ್ಲ. ಗಾಳಿ ಆಡಿ, ಕೊಕ್ಕೆ ಹಾಕಿ ಹೆಣ ಎತ್ತುವ ಹೊತ್ತಿಗೆ ಸಂಜೆಯಾಗಿತ್ತು. ಬಾಯಿಯ ಹತ್ತಿರ ಕೂತಿದ್ದ ಪಕ್ಕೀರಮ್ಮ ಅಣ್ಣ ಒಳಗೆ ಬಹಳ ಹೊತ್ತು ನರಳುತ್ತಿದ್ದನೆಂದು ಅವತ್ತೇ ಹೇಳಿದರು. ಇಳಿದ ಗಳಿಗೆಗೇ ಹೋಗಿದ್ದ, ನಿನಗೆ ಭ್ರಮೆ ಎಂದರು ಮನೆಯವರು. ತಾಯಿಯೂ ಅದನ್ನೇ ಹೇಳಿದರು. ಹಗೇವಿಗೆ ಚಪ್ಪಡಿ ಎಳೆದರು. ಆಮೇಲೆ ಮನೆ ಮಾರಿಹೋಯಿತು, ಕೊಂಡವರು ಕೆಡವಿ ಕಟ್ಟಿದರು, ಗುರುತು ಉಳಿಯಲಿಲ್ಲ. ಆ ಮಾತನ್ನು ಮತ್ತೆ ಎತ್ತಿದಾಗೆಲ್ಲ ಅವರ ಬಾಯಿ ಮುಚ್ಚಿಸಿದರು.

ಹಾರೆ ತಂದು ಅಗೆದರೆ ಒಂದೂವರೆ ಅಡಿಗೆ ಚಪ್ಪಡಿ ಸಿಕ್ಕಿತು. ಅದು ಉದ್ದಕ್ಕೂ ಬಿರಿದಿತ್ತು. ಮಕ್ಕಳು ಕುಣಿದದ್ದು ಅದರ ಮೇಲೆ. ಚಪ್ಪಡಿ ಸರಿಸಿ ಕಂದೀಲು ಇಳಿಬಿಟ್ಟರು. ಒಂದಾಳುದ್ದ ಇಳಿಯುವಷ್ಟರಲ್ಲಿ ಕೆಟ್ಟ ಗಾಳಿಗೆ ದೀಪ ಆರಿತು. ಅಂದಿನ ಹಿರಿಯರಲ್ಲಿ ಬದುಕಿದ್ದ ಒಬ್ಬರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು, ಪಕ್ಕೀರಮ್ಮನ ಕಡೆ ನೋಡಲಿಲ್ಲ.

ಮಾರನೆಯ ದಿನ ಗುಂಡಿಗೆ ಮಣ್ಣು ತುಂಬುವ ಮೊದಲು ಪಕ್ಕೀರಮ್ಮ ಉಚ್ಚಂಗೆಪ್ಪನವರನ್ನು ಮತ್ತೆ ಕರೆಸಿದರು. ತೆರೆದ ಬಾಯಿಯ ಪಕ್ಕ ಇನ್ನೊಮ್ಮೆ ನುಡಿಸೆಂದರು. ನುಡಿಸಿದರು. ಒಳಗಿನಿಂದ ಏನೂ ಬರಲಿಲ್ಲ. ಪಕ್ಕೀರಮ್ಮ ಬಹಳ ಹೊತ್ತು ಕಾದರು. ಆಮೇಲೆ ಮೊದಲ ಬುಟ್ಟಿ ಮಣ್ಣನ್ನು ತಾವೇ ಸುರಿದರು.

ಮುಚ್ಚಿದ ಟೊಳ್ಳು ಕೆಲವು ಸ್ವರಕ್ಕೆ ಮಾತ್ರ ಗುಂಯ್ಗುಡುತ್ತದೆ, ಕೊಡದೊಳಗೆ ಕೂಗಿದ ಹಾಗೆ ಎಂದು ಹಡಗಲಿಯ ಮೇಷ್ಟ್ರೊಬ್ಬರು ಅವರಿಗೆ ವಿವರಿಸಿದ್ದಾರೆ. ಉಚ್ಚಂಗೆಪ್ಪ ಅದನ್ನು ಒಪ್ಪುತ್ತಾರೆ. ಒಪ್ಪಿಯೂ, ತೆಲಿಗಿಯಿಂದ ಬಂದ ದಿನದಿಂದ ತಮ್ಮ ಮನೆಯೊಳಗೆ ವಾದ್ಯ ಮುಟ್ಟಿಲ್ಲ. ಅಭ್ಯಾಸವೆಲ್ಲ ಮಿಲ್ಲಿನ ಹಿಂದಿನ ಬಯಲಲ್ಲಿ. "ನಮ್ಮದೂ ಹಳೀ ಮನಿ ಐತಿ," ಅನ್ನುತ್ತಾರೆ ಗೀತಮ್ಮ. "ಕೆಳಗ ಏನೈತೋ ತಿಳೀದು ಬ್ಯಾಡ ಅಂತಾರ. ನಾನೂ ಕೇಳಾಕ ಹೋಗಿಲ್ಲ."

ಮಾಗಳದಲ್ಲಿ ನಡೆದದ್ದನ್ನು ಮೇಷ್ಟ್ರಿಗೂ ಬಿಡಿಸಲಾಗಿಲ್ಲ. ಹೊಳೆಯ ಕಡೆಗಿನ ಒಂದು ಜಾಗ. ನೀರು ಬತ್ತಿದ ಏಪ್ರಿಲ್. ದಪ್ಪ ತಂತಿಯನ್ನು ಎಲ್ಲೂ ಬೆರಳೊತ್ತದೆ ಮೀಟಿದರೆ ಅದಕ್ಕಿಂತ ಕೆಳಗಿನ ಸ್ವರವೊಂದು ಮರಳಿ ಬಂತು. ಆ ಗಿಟಾರಿನಲ್ಲಿ ಅಷ್ಟು ಕೆಳಗಿನ ಸ್ವರವೇ ಇಲ್ಲ. ಮೂರು ಸಲ ಮೀಟಿದರು, ಮೂರು ಸಲವೂ ಅದೇ. ಕುತ್ತಿಗೆಮಟ್ಟ ಅಗೆದರೂ ಮರಳು ಬಿಟ್ಟು ಏನೂ ಸಿಗಲಿಲ್ಲ. ಜಾಗದವರು ಮನೆ ಕಟ್ಟಿ ಚೆನ್ನಾಗಿಯೇ ಇದ್ದಾರೆ. ಉಚ್ಚಂಗೆಪ್ಪ ಮಾತ್ರ ಮಾಗಳದಲ್ಲಿ ಕಾರ್ಯಕ್ರಮವಾದರೆ ದಪ್ಪ ತಂತಿಯನ್ನು ಮುಟ್ಟುವುದಿಲ್ಲ, ಉಳಿದ ಮೂರರಲ್ಲೇ ಮುಗಿಸುತ್ತಾರೆ.

ವಾದ್ಯವೃಂದದಲ್ಲಿ ಅವರ ಜಾಗ ಈಚೆಗೆ ಅಲುಗಾಡುತ್ತಿದೆ. ಹೋದ ವರ್ಷ ಗುರುಬಸವರಾಜ ಹೊಸ ಕೀಬೋರ್ಡ್ ತಂದರು. ಅದರ ಎಡಗೈ ಕಡೆಯಲ್ಲಿ ಬೇಸ್ ಸ್ವರವೂ ಬರುತ್ತದೆ. ಹಗರಿಬೊಮ್ಮನಹಳ್ಳಿಯ ಎರಡು ಮದುವೆಗೆ ಉಚ್ಚಂಗೆಪ್ಪನವರನ್ನು ಬಿಟ್ಟೇ ಹೋದರು. ಕೇಳುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಗೊತ್ತಾದದ್ದು ಗಾಯಕಿ ಸುಮಲತಾಗೆ. ಹಾಡುವಾಗ ಕಾಲ ಕೆಳಗೆ ಏನೂ ಇಲ್ಲದ ಹಾಗೆ ಆಗುತ್ತದೆ, ಉಚ್ಚಂಗೆಪ್ಪಣ್ಣ ಬರದಿದ್ದರೆ ನಾನೂ ಬರುವುದಿಲ್ಲ ಎಂದು ಹೇಳಿ ವ್ಯಾನು ಹತ್ತದೆ ಕೂತರು. ಮೂರನೆಯ ಮದುವೆಗೆ ಗುರುಬಸವರಾಜ ತಾವೇ ಮಿಲ್ಲಿನ ಬಾಗಿಲಿಗೆ ಬಂದು ಕರೆದರು. ಉಚ್ಚಂಗೆಪ್ಪ ಕೈ ತೊಳೆದುಕೊಂಡು ಹೊರಟರು.

ಚಿಗಟೇರಿಯಲ್ಲಿ ಬೆಳಕಾಗಿದೆ. ಶಿವಯೋಗಪ್ಪ ಸುಣ್ಣದ ಗೆರೆಯ ಆಚೆ ನಿಂತು ಅಡುಗೆಮನೆಯನ್ನು ಯಾವ ಕಡೆ ಸರಿಸುವುದೆಂದು ಹೆಂಡತಿಯೊಡನೆ ಚರ್ಚಿಸುತ್ತಿದ್ದಾರೆ. ಉಚ್ಚಂಗೆಪ್ಪ ಕೇಬಲ್ಲು ಸುತ್ತುತ್ತಿದ್ದಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಕೊಟ್ಟೂರಿನಲ್ಲಿ ಒಂದು ಸಂಜೆ, ಹಾಡುವವರೆಲ್ಲ ಎರಡು ನಿಮಿಷ ಸುಮ್ಮನಿದ್ದು, ತಮ್ಮ ವಾದ್ಯವೊಂದೇ ನುಡಿಯಬೇಕು ಅನ್ನುತ್ತಾರೆ. ಗುರುಬಸವರಾಜರನ್ನು ಕೇಳಿದ್ದಾರಂತೆ, ನೋಡೋಣ ಅಂದಿದ್ದಾರಂತೆ.

"ಏನ್ ಬಾರ್ಸಬೇಕು ಅಂತ ಇನ್ನೂ ಗಟ್ಟಿ ಮಾಡ್ಕಂಡಿಲ್ರಿ," ಅನ್ನುತ್ತಾರೆ, ಗಿಟಾರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಏರಿಸುತ್ತ. "ಇಷ್ಟು ವರ್ಷ ಕೆಳಗಿನೋರು ಓ ಅಂದಾರ. ಒಮ್ಮಿ ಎದುರಿಗೆ ಕುಂತೋರು ಅನ್ನಲಿ, ಅಷ್ಟಾ."