ಪುಡಿಯಮ್ಮನ ಹಸಿರು ಲೋಟ

ಡಬ್ಬಿಯ ಮುಚ್ಚಳದ ಕೆಳಗಿನ ಬೆಳ್ಳಿಹಾಳೆ ಕಿತ್ತ ಕೂಡಲೇ ವಾಸನೆ ಬಂತು. ಕೊಯ್ದು ಸ್ವಲ್ಪ ಹೊತ್ತು ನೆರಳಲ್ಲಿಟ್ಟ ಹುಲ್ಲು. ಅದರ ಹಿಂದೆ, ಕೊಂಚ ತಡವಾಗಿ, ಬೆಂದ ಹಸಿ ಬಟಾಣಿಯ ಸಿಹಿ. ಇನ್ನೂ ತಡವಾಗಿ, ನಾಲಿಗೆಯ ಬುಡಕ್ಕೆ ತಾಗುವಂಥ ಒಂದು ಕಹಿ... ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೆ. ಹೀಗೆ ಬಿಡಿಸಿ ಬಿಡಿಸಿ ವಾಸನೆ ನೋಡುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಕಳಸದಲ್ಲಿ ಒಬ್ಬರಿಗೆ ಅದು ಬೇಕಾಗಿತ್ತು, ನಾನು ಅವರ ಹತ್ತಿರದಲ್ಲಿದ್ದೆ. ಅಷ್ಟೇ.

ಊರೆಲ್ಲ ಅವರನ್ನು ಪುಡಿಯಮ್ಮ ಎನ್ನುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಇಳಿಯುವ ರಸ್ತೆಯಲ್ಲಿ ಅವರ ಕಾಫಿಪುಡಿ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ, ಊರಾಚೆಯ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಪುಡಿಯಮ್ಮ ಒಬ್ಬರೇ ನಡೆಸಿದ್ದರು. ಬೀಜ ಹುರಿಯುವ ಡ್ರಮ್ಮಿಗೆ ಬೆನ್ನು ಹಾಕಿ ನಿಂತು ಗಿರಾಕಿಗಳ ಜೊತೆ ಮಳೆಯ ಮಾತೋ ಮದುವೆಯ ಮಾತೋ ಆಡುತ್ತಿರುವರು. ಇದ್ದಕ್ಕಿದ್ದಂತೆ ಮಾತು ಅರ್ಧಕ್ಕೇ ನಿಲ್ಲುವುದು. ತಿರುಗಿ ಡ್ರಮ್ ಇಳಿಸುವರು. ಗಡಿಯಾರ ನೋಡಿದ್ದು, ಬೀಜದ ಬಣ್ಣ ನೋಡಿದ್ದು ನಾನು ಕಾಣೆ. ಪುಡಿ ಕಟ್ಟುವ ಮುಂಚೆ ಒಂದು ಚಿಟಿಕೆಯನ್ನು ಹಿಂಗೈ ಮೇಲೆ ಹಾಕಿಕೊಂಡು ಮೂಸಿ, ತಲೆಯಾಡಿಸಿ, ಆಮೇಲೇ ಪೊಟ್ಟಣಕ್ಕೆ ದಾರ. ಆ ತಲೆಯಾಡಿಸುವಿಕೆ ಕಾಣದೆ ಪುಡಿ ಒಯ್ದವರಿಲ್ಲ.

ಮನೆಮನೆಗೂ ಜ್ವರ ಬಂದುಹೋದ ವರ್ಷ ಅವರಿಗೂ ಬಂತು. ಬಂದ ಜ್ವರ ಹೋಯಿತು, ಅದರ ಜೊತೆ ಮೂಗೂ ಹೋಯಿತು. ಮೊದಲು ಏನೂ ಗೊತ್ತಾಗುತ್ತಿರಲಿಲ್ಲ. ಕೆಲವು ವಾರದ ನಂತರ ಗೊತ್ತಾಗತೊಡಗಿದಾಗ ಎಲ್ಲವೂ ತಿರುಗಿಬಿದ್ದಿತ್ತು. ಈರುಳ್ಳಿ ಒಗ್ಗರಣೆ, ಬಿಸಿ ಹಾಲು, ಎಲ್ಲಕ್ಕೂ ಒಂದೇ ಕೊಳೆತ ವಾಸನೆ. ಎಲ್ಲಕ್ಕಿಂತ ಕೆಟ್ಟದ್ದು ಕಾಫಿ. ಡ್ರಮ್ ಬಿಸಿಯಾಗುತ್ತಲೇ ಅವರು ಹಿತ್ತಲಿಗೆ ಓಡಿ ವಾಂತಿ ಮಾಡುವುದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದೆ. ಚಿಕ್ಕಮಗಳೂರಿನ ಡಾಕ್ಟರು, ಮೂಗಿನ ನರ ದಾರಿ ತಪ್ಪಿದೆ, ಸರಿಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದರಂತೆ.

ನಮ್ಮ ಕಡೆ ಒಂದು ಮನೆಯ ಹೊಸ್ತಿಲು ದಾಟಿದ ಮೇಲೆ ಕಾಫಿ ಬೇಡ ಎನ್ನುವಂತಿಲ್ಲ. ಊಟ ಬೇಡ ಎನ್ನಬಹುದು. ಕಾಫಿ ಬೇಡ ಎಂದರೆ ಒಳಗೆ ಏನೋ ಇಟ್ಟುಕೊಂಡಿದ್ದಾರೆ ಎಂದೇ ಅರ್ಥ. ಹಾಗಾಗಿ ಪುಡಿಯಮ್ಮ ಯಾರ ಮನೆಗೂ ಹೋಗುವುದನ್ನು ಬಿಟ್ಟರು. ಗಂಜಿ, ನೀರುಮಜ್ಜಿಗೆ ಬಿಟ್ಟರೆ ಬೇರೇನೂ ಒಳಗಿಳಿಯದೆ ಸೊರಗಿದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅಂಗಡಿಯನ್ನು ಮಾತ್ರ ಮುಚ್ಚಲಿಲ್ಲ. ಮೂಗಿಗೆ ಹಳೆಯ ಪಂಚೆಯ ತುಂಡೊಂದನ್ನು ಕಟ್ಟಿಕೊಂಡು ಹುರಿದರು.

ಎದುರು ಗ್ಯಾರೇಜಿನ ಕಾಕ ಒಂದು ದಿನ ಜೀಪಿನಡಿಯಿಂದ ತಲೆ ಹೊರಗೆ ಹಾಕಿ ಕೂಗಿದರು. "ಎಂತ ಪುಡಿಯಮ್ಮ, ನಿಮ್ಮ ಕಾಫಿಗೆ ನೀವೇ ಮೂಗು ಮುಚ್ಚಿದ್ರೆ ನಾವು ಕುಡಿಯೋದು ಹ್ಯಾಗೆ?"

"ನಿನ್ನ ಗ್ರೀಸ್ ವಾಸನೆಗೆ ಕಟ್ಟಿದ್ದು ಕಾಕ. ಹಲ್ಲು ಬಿಟ್ಟಿದ್ದು ಸಾಕು, ಜೀಪ್ ನೋಡು."

ಕಾಕ ನಕ್ಕರು. ಪುಡಿಯಮ್ಮ ಒಳಗೆ ಬಂದು ಗೋಣಿಚೀಲದ ಮೇಲೆ ಕುಳಿತರು. ಅಂದೇ ನನಗೆ ಹೇಳಿದ್ದು: ಕಾಫಿ ಹೂವು ಅರಳುವ ಹೊತ್ತಿಗೆ ಮೂಗು ಬರದಿದ್ದರೆ ಮೆಷಿನ್ ಮಾರಿ ಅಂಗಡಿ ಮುಚ್ಚುವುದು. "ಮೂಗಿಲ್ದೆ ಪುಡಿ ಮಾರೋದು ಜನಕ್ಕೆ ಸುಳ್ಳು ಹೇಳಿದ ಹಾಗೆ."

ಅಂದಿನಿಂದ ಹುರಿಯುವಾಗ ನನ್ನನ್ನು ಕೆಳಗೆ ಕರೆಯತೊಡಗಿದರು. ಬೀಜ ಸಿಡಿಯುವ ಸದ್ದನ್ನು ಅವರು ಕೇಳುವರು, ವಾಸನೆಯನ್ನು ನಾನು ಹೇಳಬೇಕು. ಮೊದಲ ದಿನ, "ಚೆನ್ನಾಗಿದೆ" ಎಂದೆ.

"ಚೆನ್ನಾಗಿದೆ ಅನ್ನೋದು ವಾಸನೆ ಅಲ್ಲ ಮಾರಾಯ್ತಿ. ಯಾವುದರ ಹಾಗಿದೆ ಹೇಳು."

"ಸುಟ್ಟ ಬೆಲ್ಲದ ಹಾಗೆ."

"ಮುಂದೆ?"

ಕಣ್ಣು ಮುಚ್ಚಿ ಹುಡುಕಬೇಕಾಯಿತು. ಒಣಗಿದ ಮರದ ಸಿಪ್ಪೆ ಎಂದೆ. ಮುಂದೆ? ಕೋಕಂ ಹುಳಿ, ಬಹಳ ದೂರದಲ್ಲಿ... "ಇಳಿಸು!" ಎಂದರು. ಗಿರಾಕಿಗಳ ಮುಂದೆ ಆ ಹಿಂಗೈ ಚಿಟಿಕೆಯನ್ನು ಮಾತ್ರ ಅವರೇ ಮೂಸುತ್ತಿದ್ದರು. ಉಸಿರು ಬಿಗಿಹಿಡಿದು, ಮುಖದ ಒಂದು ಗೆರೆಯೂ ಅಲುಗದಂತೆ, ತಲೆಯಾಡಿಸಿ. ಒಬ್ಬರಿಗೂ ಗೊತ್ತಾಗಲಿಲ್ಲ.

ಆ ಚಳಿಗಾಲದಲ್ಲಿ ಹೋಂಸ್ಟೇಗೆ ಬಂದ ಅತಿಥಿಯೊಬ್ಬರು ಹಸಿರು ಪುಡಿಯ ಪುಟ್ಟ ಡಬ್ಬಿಯೊಂದನ್ನು ಬಿಟ್ಟುಹೋದರು. ಮಾಚಾ ಅಂತ, ಜಪಾನಿನ ಚಹಾ, ಹಾಲು ಕೆನೆ ಹಾಕಿ ಕುಡಿಯುತ್ತಾರೆ ಎಂದೆ. ಪುಡಿಯಮ್ಮ ಡಬ್ಬಿಯೊಳಗೆ ಇಣುಕಿದರು.

"ಮತ್ತಿಸೊಪ್ಪಿನ ಪುಡಿ ಅಲ್ವಾ ಇದು? ತಲೆಗೆ ಹಾಕ್ಕೊಂಡು ಮೀಯೋದನ್ನ ಕುಡೀಬೇಕಾ?"

ಆದರೆ ಡಬ್ಬಿಯನ್ನು ಮೂಗಿನಿಂದ ದೂರ ತಳ್ಳಲಿಲ್ಲ. ಇನ್ನೂ ಹತ್ತಿರ ತಂದುಕೊಂಡರು. "ಇದಕ್ಕೆ ಎಂತ ವಾಸನೆಯೂ ಇಲ್ಲ" ಎಂದರು. ಎಲ್ಲವೂ ಕೊಳೆತು ನಾರುತ್ತಿದ್ದ ಲೋಕದಲ್ಲಿ ನಾರದಿದ್ದ ಒಂದು ವಸ್ತು ಸಿಕ್ಕಿತ್ತು.

ಮರುದಿನ ನಾನು ಕೆಲಸಕ್ಕೆ ಹೋದಾಗ ಅವರೇ ಮಾಡಲು ಹೊರಟಿದ್ದಾರೆ. ಕಾಫಿಯವರು ಏನು ಮಾಡುತ್ತಾರೋ ಅದನ್ನೇ ಮಾಡಿದ್ದಾರೆ: ಹಿತ್ತಾಳೆ ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಒತ್ತಿ, ಕುದಿಯುವ ನೀರು ಸುರಿದು ಮುಚ್ಚಿಟ್ಟಿದ್ದಾರೆ. ಸಂಜೆ ನಾನು ಬಂದಾಗ ಫಿಲ್ಟರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ಡಿಕಾಕ್ಷನ್ ಇಳೀಲೇ ಇಲ್ಲ."

ಮೇಲೆ ಕೆಸರುಗದ್ದೆ, ಕೆಳಗೆ ಒಂದು ಹನಿಯೂ ಇಲ್ಲ. ಇದು ಇಳಿಯುವ ಪುಡಿಯಲ್ಲ, ನೀರಲ್ಲೇ ಕದಡಿ ಪುಡಿಯನ್ನೂ ಕುಡಿಯುವುದು ಎಂದು ಹೇಳಿದೆ. ಅವರು ಫಿಲ್ಟರ್ ನೋಡಿದರು, ನನ್ನ ನೋಡಿದರು, ನಕ್ಕರು. ಜ್ವರ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ಅಂದೇ ಕೇಳಿದ್ದು. "ಗಷ್ಟು ಸಮೇತ ಕುಡಿಯೋದಾ! ಹಾಗಾದ್ರೆ ಬಾ, ಮತ್ತಿಪುಡಿ ಕಲೆಸಿದ ಹಾಗೇ ಕಲೆಸುವ."

ಹಾಗೆಯೇ ಕಲೆಸಿದರು. ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಕುದಿ ಇಳಿದ ನೀರನ್ನು ಒಂದಿಷ್ಟೇ ಹಾಕಿ, ಗಂಟಿಲ್ಲದಂತೆ ಬೆರಳಲ್ಲಿ ನುರಿದು, ಆಮೇಲೆ ಬೆಣ್ಣೆ ತೆಗೆಯುವ ಪುಟ್ಟ ಕಡೆಗೋಲಿನಿಂದ ನೊರೆ ಬರುವ ತನಕ ಕಡೆದರು. ಕುಡಿದು ಮುಖ ಕಿವುಚಿದರು. ಬರಿದೇ ಕುಡಿದರೆ ಅದು ಕಷಾಯ. ಮೈಗೆ ಹಿಡಿಯಲು ಅದಕ್ಕೊಂದು ಕೆನೆ ಬೇಕಿತ್ತು. ಅಂಗಡಿಯ ಕ್ರೀಮ್ ಪುಡಿ ಆಗಲಿಲ್ಲ. ಬಿಸಿ ಹಾಲಿನ ವಾಸನೆಗೆ ವಾಂತಿ ಬರುತ್ತಿತ್ತು, ತಣ್ಣಗಿನ ಹಾಲು ಮಾತ್ರ ಸೇರುತ್ತಿತ್ತು. ಅದಕ್ಕೆ ಹಾಲು ಬತ್ತಿಸುವ ಕೆಲಸವನ್ನು ನಾನು ಮೇಲಿನ ಕೋಣೆಯಲ್ಲಿ, ಕಿಟಕಿ ತೆಗೆದು ಮಾಡಿದೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಸಕ್ಕರೆ, ಉಪ್ಪಿನ ಒಂದು ಕಣ. ಹಾಲು ಅರ್ಧಕ್ಕಿಳಿದಾಗ ನೆನೆಸಿ ನುಣ್ಣಗೆ ಅರೆದ ಗೋಡಂಬಿ ಸೇರಿಸಿ, ಬಟ್ಟೆಯಲ್ಲಿ ಹಿಂಡಿ, ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡುವುದು. ತಣಿದ ಮೇಲೆ ಅವರು ಒಂದು ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಎಳೆದು ನೋಡುವರು. ತೀರ ತೆಳುವಾದರೆ ಬಾಟಲಿ ಮತ್ತೆ ಮೇಲಕ್ಕೆ.

ನೊರೆಗಟ್ಟಿದ ಹಸಿರಿನ ಮೇಲೆ ಆ ತಣ್ಣಗಿನ ಕೆನೆಯನ್ನು ಸುರಿದಾಗ ಅದು ಲೋಟದ ಗೋಡೆಗುಂಟ ಬೇರುಬೇರಾಗಿ ಕೆಳಗಿಳಿಯುತ್ತಿತ್ತು. ಬೆಳಿಗ್ಗೆ ಬಾಗಿಲ ಬೆಳಕಿಗೆ ಲೋಟ ಎತ್ತಿಹಿಡಿದು, ಅದು ಪೂರ್ತಿ ಇಳಿಯುವ ತನಕ ಅವರು ಕಾಯುವರು. ರುಚಿ ಅಷ್ಟಕ್ಕಷ್ಟೆ, ವಾಸನೆ ಇಲ್ಲವೇ ಇಲ್ಲ. ಕಣ್ಣಿಗಾದರೂ ಒಂದು ಪಾಲು ಸಿಗಲಿ ಎಂದೋ ಏನೋ... ಆಮೇಲೆ ನನ್ನ ಕಡೆ ಲೋಟ ಚಾಚುವರು. "ಹೇಳು." ಕೊಯ್ದ ಹುಲ್ಲು ಎನ್ನುವೆ. ಮುಂದೆ? ಬಟಾಣಿ. ಮುಂದೆ? ನಾನು ಹೇಳುತ್ತ ಹೋದಂತೆ ಅವರು ಕುಡಿಯುತ್ತ ಹೋಗುವರು. ಡಬ್ಬಿ ಮುಗಿದಾಗ ಹೋಂಸ್ಟೇಗೆ ಸಾಮಾನು ತರುವ ಗಾಡಿಯಲ್ಲಿ ಇನ್ನೊಂದು ತರಿಸಿದೆ. ಬಳೆಗಳು ನಿಧಾನಕ್ಕೆ ಮಣಿಕಟ್ಟಿಗೆ ಬಂದು ನಿಂತವು.

ಕಾಕನಿಗೆ ಆ ಹೆಸರೊಂದು ತಮಾಷೆಯಾಯಿತು. "ಮಚ್ಚಾ ಮಚ್ಚಾ ಅಂತೀರಿ, ಯಾರಮ್ಮ ಅವ? ನಮ್ಮ ಹುಡುಗ್ರು ಒಬ್ರನ್ನೊಬ್ರು ಹಾಗೇ ಕರೆಯೋದು!"

"ನಿನಗಿಂತ ಒಳ್ಳೆಯವ. ಬಾಯಿ ಮುಚ್ಚಿ ಲೋಟದಲ್ಲಿರ್ತಾನೆ."

ಕಾಫಿ ಗಿಡ ಅರಳಿಸುವ ಹೂಮಳೆ ಬಂತು. ಒಂದು ಬೆಳಿಗ್ಗೆ ಎದ್ದರೆ ಸುತ್ತಲಿನ ಗುಡ್ಡಗಳೆಲ್ಲ ಬೆಳ್ಳಗೆ, ಊರಿನೊಳಗೇ ಮಲ್ಲಿಗೆ ಬಿರಿದಂಥ ಪರಿಮಳ. ಪುಡಿಯಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಮೂಗಿನ ಬಟ್ಟೆ ಕೈಯಲ್ಲಿತ್ತು. ನಾನು ಹತ್ತಿರ ಹೋದೆ.

"ಹೂ ಆಗಿದೆಯಲ್ವಾ" ಎಂದರು. "ಕಣ್ಣಿಗೆ ಕಾಣ್ತಿದೆ."

ಅಷ್ಟೇ ಅಂದದ್ದು. ಆ ಮಧ್ಯಾಹ್ನ ಮೂಡಿಗೆರೆ ಕಡೆಯವರಿಗೆ ಫೋನು ಮಾಡಿ, ಮೆಷಿನ್ ನೋಡಲು ಬನ್ನಿ ಎಂದರು.

ಅವರು ಬರುವ ದಿನ ನಾನು ರಜೆ ಹಾಕಿದ್ದೆ. ಪುಡಿಯಮ್ಮ ಡ್ರಮ್ಮನ್ನು ಒರೆಸಿ ಹೊಳೆಯುವಂತೆ ಮಾಡಿದ್ದರು, ಮದುವೆಗೆ ಕಳಿಸುವವರ ಹಾಗೆ. ಆಮೇಲೆ ಎಂದಿನಂತೆ ಪುಡಿ ಸೋಸಿದರು, ನುರಿದರು, ಕಡೆದರು, ಕೆನೆ ಸುರಿದರು. ಕೆನೆ ಇಳಿಯುವ ತನಕ ಕಾದರು. ಲೋಟವನ್ನು ಬಾಯಿಗೆ ಒಯ್ದವರು ಹಾಗೇ ನಿಂತರು.

"ಹುಲ್ಲು" ಎಂದರು.

ನಾನಿನ್ನೂ ಏನೂ ಹೇಳಿರಲಿಲ್ಲ.

ಮೊದಲು ಅನುಮಾನ ಬಂದದ್ದು ಅವರಿಗೇ. "ನೀನು ದಿನಾ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆಯೋ ಏನೋ." ನಿಜವನ್ನು ಹಾಗೇ ಸುಮ್ಮನೆ ನಂಬಿಬಿಡುವ ಹೆಂಗಸಲ್ಲ ಅವರು. ಎರಡು ಲೋಟ ತರಿಸಿದರು, ಒಂದೇ ಅಳತೆಯವು. ಒಂದರಲ್ಲಿ ಬರೀ ಕೆನೆ ನೀರು, ಇನ್ನೊಂದರಲ್ಲಿ ಹಸಿರು. ಅಷ್ಟು ತಿಂಗಳು ಮೂಗಿಗೆ ಕಟ್ಟುತ್ತಿದ್ದ ಪಂಚೆಯ ತುಂಡನ್ನು ಕಣ್ಣಿಗೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕುಳಿತರು.

"ಅದಲು ಬದಲು ಮಾಡಿ ಹಿಡಿ. ಮಾತಾಡ್ಬೇಡ. ಉಸಿರೂ ಬಿಡ್ಬೇಡ."

ನಾನು ಒಂದು ಲೋಟವನ್ನು ಹಿಡಿದೆ. ಬಹಳ ಹೊತ್ತು ಮೂಸಿ ತಲೆ ಅಡ್ಡ ಆಡಿಸಿದರು. ಇನ್ನೊಂದು ಹಿಡಿದೆ. ಅವರ ಕೈ ಮೇಲೆದ್ದು ನನ್ನ ಮಣಿಕಟ್ಟನ್ನು ಹಿಡಿಯಿತು. "ಇದು." ಮತ್ತೆ ಬದಲಿಸಿದೆ. "ಇದಲ್ಲ." ಮತ್ತೆ ಅದನ್ನೇ ಹಿಡಿದು ಮೋಸ ಮಾಡಲು ನೋಡಿದೆ. "ಇದೂ ಅಲ್ಲ, ಕಳ್ಳಿ." ಲೋಟ ವಾಲಿ ಕೆನೆ ಅವರ ಸೀರೆಯ ಮೇಲೆ ಚೆಲ್ಲಿತು. ಅವರು ಬಟ್ಟೆ ಬಿಚ್ಚಲಿಲ್ಲ. ಬಟ್ಟೆಯ ಕೆಳಗೆ ಕೆನ್ನೆ ಒದ್ದೆಯಾಗಿತ್ತು. ನಾನು ದೇವಸ್ಥಾನಗಳಲ್ಲಿ ಕೈಮುಗಿದು ನಿಂತಿದ್ದೇನೆ, ಆದರೆ ಆ ಬೆಳಿಗ್ಗೆ ಆ ಸ್ಟೂಲಿನ ಮುಂದೆ ನಿಂತ ಹಾಗೆ ಎಲ್ಲೂ ನಿಂತಿಲ್ಲ.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಪುಡಿಯಮ್ಮ ಮುಖ ತೊಳೆದು ಬಂದರು. ಬಂದ ಇಬ್ಬರಿಗೂ ಕುರ್ಚಿ ಹಾಕಿ, ಮೆಷಿನ್ ಕೊಡುವುದಿಲ್ಲ ಎಂದರು.

"ಎಂತದಮ್ಮ ಇದು! ಮುಂಚೆ ಹೇಳಿದ್ರೆ ಡೀಸೆಲ್ಲಾದ್ರೂ ಉಳೀತಿತ್ತು."

"ಬಂದದ್ದಕ್ಕೆ ಕಾಫಿ ಕುಡ್ಕೊಂಡು ಹೋಗಿ."

ಆ ಕಾಫಿಯನ್ನು ಅವರೇ ಮಾಡಿದರು. ಬಟ್ಟೆ ಕಟ್ಟಿಕೊಳ್ಳಲಿಲ್ಲ. ನಾನು ಮಾಡುತ್ತೇನೆಂದು ಹೋದರೆ ಮೊಣಕೈಯಲ್ಲಿ ನೂಕಿದರು. ಡಿಕಾಕ್ಷನ್ನಿಗೆ ಬಿಸಿ ಹಾಲು ಬಿದ್ದಾಗ ಅವರ ಗಂಟಲು ಒಮ್ಮೆ ಉಬ್ಬಿ ಇಳಿಯಿತು, ಕಟ್ಟೆ ಹಿಡಿದ ಬೆರಳು ಬಿಳಿಚಿದವು. ಕಾಫಿ ಇನ್ನೂ ಕೊಳೆತೇ ನಾರುತ್ತಿತ್ತು. ಬಂದದ್ದು ಬರೀ ಹುಲ್ಲು, ಅದೂ ಒಂದು ಎಳೆ. ಅದೊಂದನ್ನೇ ನಂಬಿ ಇಡೀ ಅಂಗಡಿಯನ್ನು ಉಳಿಸಿಕೊಂಡುಬಿಟ್ಟಿದ್ದರು. ಆ ಇಬ್ಬರೂ ಕಾಫಿ ಕುಡಿದು, ಒಳ್ಳೆ ಪುಡಿ ಎಂದು ಹೊಗಳಿ ಹೋದರು.

ಕಾಫಿಯ ವಾಸನೆ ಮರಳಿ ಬರಲು ಆ ವರ್ಷದ ಮಳೆಗಾಲವೆಲ್ಲ ಹಿಡಿಯಿತು. ಪೂರ್ತಿ ಬರಲೂ ಇಲ್ಲ. "ಹಳೇ ಕಾಫಿ ಅಲ್ಲ ಇದು, ಅದರ ತಂಗಿ" ಎನ್ನುತ್ತಿದ್ದರು. ಆದರೂ ಮುಂದಿನ ಚಳಿಗಾಲದಲ್ಲಿ ಒಂದು ದಿನ, ಕಾಕನ ಜೊತೆ ಏನೋ ಜಗಳವಾಡುತ್ತಿದ್ದವರು ಮಾತನ್ನು ಅರ್ಧಕ್ಕೇ ಬಿಟ್ಟು ತಿರುಗಿ ಡ್ರಮ್ ಇಳಿಸಿದರು. ನನ್ನನ್ನು ಕರೆಯಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ನನಗೆ ಸಂತೋಷವಾಯಿತು, ಒಳಗೆಲ್ಲೋ ಒಂದು ಜಾಗ ಖಾಲಿಯೂ ಆಯಿತು. ಬೆಳಗಿನ ಹಸಿರು ಲೋಟವನ್ನು ಮಾತ್ರ ಅವರು ಬಿಡಲಿಲ್ಲ.

ಆಮೇಲೆ ನಾನು ಚಿಕ್ಕಮಗಳೂರಿಗೆ ಬಂದೆ. ಒಂದು ಹೂವಿನ ಕಾಲಕ್ಕೆ ಸ್ವಲ್ಪ ಮುಂಚೆ ಕಾಕನ ಫೋನು ಬಂತು. ಪುಡಿಯಮ್ಮ ನಿದ್ದೆಯಲ್ಲೇ ಹೋದರಂತೆ. ಕಾಕ ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ. ಡ್ರಮ್ಮು ಕೊನೆಗೂ ಮೂಡಿಗೆರೆಗೆ ಹೋಯಿತು. ಅಂಗಡಿಯಿದ್ದಲ್ಲಿ ಈಗ ಶಟರ್ ಇಳಿದಿದೆ. ಕಳೆದ ಸಲ ಹೋದಾಗ ಅದರ ಸಂದಿಗೆ ಮೂಗಿಟ್ಟು ನೋಡಿದೆ. ತುಕ್ಕು, ಇಲಿ, ಗೋಣಿ. ಕಾಫಿ ಇರಲಿಲ್ಲ.

ಇವತ್ತು ಡಬ್ಬಿ ಒಡೆದ ಮೇಲೆ ಅವರು ಮಾಡುತ್ತಿದ್ದ ಹಾಗೇ ಮಾಡಿದೆ. ನಿನ್ನೆಯೇ ಬತ್ತಿಸಿಟ್ಟ ಕೆನೆ ಫ್ರಿಜ್ಜಿನಲ್ಲಿತ್ತು. ಬೆರಳಲ್ಲಿ ಎಳೆದು ನೋಡಿದೆ, ಸ್ವಲ್ಪ ತೆಳುವಾಗಿದೆ. ಅವರಿದ್ದಿದ್ದರೆ ಮತ್ತೆ ಮೇಲಕ್ಕೆ ಕಳಿಸುತ್ತಿದ್ದರು. ಸುರಿದು, ಲೋಟವನ್ನು ಕಿಟಕಿಗೆ ಹಿಡಿದು, ಬಿಳಿ ಪೂರ್ತಿ ಇಳಿಯುವ ತನಕ ಕಾದೆ.

"ಹುಲ್ಲು" ಎಂದೆ, ಗಟ್ಟಿಯಾಗಿಯೇ.

ಮುಂದೆ? ಎಂದು ಯಾರೂ ಕೇಳಲಿಲ್ಲ. ಬಟಾಣಿಯನ್ನೂ ಕಹಿಯನ್ನೂ ಹೇಳಿ ಮುಗಿಸಿ, ಕುಡಿದೆ.